ಸಹಾಯ ಬೇಕು: ಚಿಂಗ್ ಪೊ ಲಿಯಾಂಗ್ ಸೂಪ್ ಕಹಿಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಸಿಂಗಪುರದಲ್ಲಿದ್ದೇವೆ. ಪಕ್ಕದ ಮನೆಯ ಕ್ಯಾಂಟನೀಸ್ (ದಕ್ಷಿಣ ಚೀನಾ ಮೂಲದ) ಆಂಟಿ ಆಗಾಗ ಚಿಂಗ್ ಪೊ ಲಿಯಾಂಗ್ ಸೂಪ್ ಮಾಡುತ್ತಾರೆ. ಕಾಯಿಲೆಗಲ್ಲ, ಸೆಕೆಗೆ ಮೈ ತಂಪಾಗಿರಲಿ ಅಂತ. ನಾವು ಮಜ್ಜಿಗೆ ಕುಡಿಯುತ್ತೇವಲ್ಲ, ಹಾಗೆ. ನಾನೂ ಒಂದು ಪ್ಯಾಕೆಟ್ ತಂದೆ. ಬಾರ್ಲಿ, ತಾವರೆ ಬೀಜ, ಒಣಗಿಸಿದ ಲಿಲಿ ಗೆಡ್ಡೆಯ ಎಸಳು, ಹುವಾಯ್ ಶಾನ್ ಗೆಣಸಿನ ಬಿಲ್ಲೆ, ಒಣ ಲಾಂಗನ್ (ಲಿಚಿಯಂಥ ಹಣ್ಣು) ಎಲ್ಲ ಇವೆ. ಚಿಯಾನ್ ಶಿ ಅನ್ನುವ ಕಾಳೂ ಇದೆ. ಅದು ನಮ್ಮ ಮಖಾನವೇ, ಅರಳಿಸಿಲ್ಲ ಅಷ್ಟೇ!

ನಾವು ಸಸ್ಯಾಹಾರಿಗಳು. ಹಂದಿ ಮೂಳೆಯ ಬದಲು ಮೆಕ್ಕೆಜೋಳ, ಕ್ಯಾರೆಟ್ ಹಾಕಿ ಸಣ್ಣ ಉರಿಯಲ್ಲಿ 2 ಗಂಟೆ ಕುದಿಸಿದೆ. ಕಹಿ! ಎರಡನೇ ಸಲ ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿದೆ. ಮೂರನೇ ಸಲ ಕೆಂಪು ಖರ್ಜೂರ ಅಂತ ಮಾರುವ ಒಣ ಬೋರೆಹಣ್ಣು ಜಾಸ್ತಿ ಹಾಕಿದೆ. ಸಿಹಿ ಬಂತು, ಕಹಿ ಹೋಗಲಿಲ್ಲ. ಕೇಳೋಣ ಅಂದರೆ ಆಂಟಿ ಊರಲ್ಲಿಲ್ಲ.

ತಾವರೆ ಬೀಜ ಸೀಳಿ ನೋಡಿದೆ. ಕೆಲವದರೊಳಗೆ ಹಸಿರು ಮೊಳಕೆ ಇದೆ. ಲಿಲಿ ಎಸಳು ಅಗಿದರೆ ಅದೂ ಸ್ವಲ್ಪ ಕಹಿ. ಮಾಡಿ ಗೊತ್ತಿರುವವರು ಹೇಳಿ: ಬರೀ ಮೊಳಕೆ ತೆಗೆದರೆ ಸಾಕಾ, ಇಲ್ಲ ಲಿಲಿಯನ್ನೂ ಕಡಿಮೆ ಮಾಡಬೇಕಾ?