ಮನೆಯಲ್ಲೇ ಗಿಟಾರ್ ಕಲಿಯುವವರಿಗೆ ಪಾಠದ ಕ್ರಮ ಹೇಗಿರಬೇಕು?

ಪ್ರಶ್ನೆ

ನಾನು ಬಾಲ್ಯದಲ್ಲಿ ಕೆಲವು ವರ್ಷ ಕರ್ನಾಟಕ ಸಂಗೀತದ ಗಾಯನವನ್ನು ಕಲಿತಿದ್ದೇನೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ ಎಂಬ ಕ್ರಮವನ್ನು ಅಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಈಗ ಉಕ್ಕಿನ ತಂತಿಯ ಗಿಟಾರ್ ಕೊಂಡು ಯೂಟ್ಯೂಬ್ ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ಆದರೆ ಒಬ್ಬರು ಸ್ಕೇಲ್‌ಗಳಿಂದ (ಸ್ವರಗಳ ಆರೋಹಣ ಅವರೋಹಣ) ಆರಂಭಿಸಿ ಎಂದರೆ ಇನ್ನೊಬ್ಬರು ಕಾರ್ಡ್‌ಗಳಿಂದ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಎನ್ನುತ್ತಾರೆ, ಮತ್ತೊಬ್ಬರು ಮೊದಲ ವಾರದಲ್ಲೇ ಥಿಯರಿ ಹೇಳುತ್ತಾರೆ. ಹಾಡುತ್ತಾ ನುಡಿಸಬೇಕೆಂಬುದಷ್ಟೇ ನನ್ನ ಉದ್ದೇಶ. ಯಾವುದನ್ನು ಮೊದಲು ಕಲಿಯಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಹಾಡಿಗೆ ಜೊತೆ ನೀಡುವುದೇ ಉದ್ದೇಶವಾದರೆ ನಿಮ್ಮ ಮೊದಲ ಪಾಠ ಬಲಗೈಯದು. ಹೊಸಬರು ಎಡಗೈ ಬೆರಳುಗಳ ನೋವಿನಲ್ಲಿ ಮುಳುಗಿ ಲಯವನ್ನು ಮರೆಯುತ್ತಾರೆ. ಕೇಳುವವರಿಗಾದರೋ ಒಂದು ತಂತಿ ಮಂದವಾಗಿ ನುಡಿದದ್ದಕ್ಕಿಂತ ತಾಳ ತಪ್ಪಿದ್ದೇ ಮೊದಲು ತಿಳಿಯುತ್ತದೆ. ಆದ್ದರಿಂದ ಟ್ಯೂನರ್‌ನಲ್ಲಿ ಶ್ರುತಿ ಮಾಡಿಕೊಂಡ ಮೇಲೆ ಇ ಮೈನರ್ ಕಾರ್ಡ್ ಒಂದನ್ನೇ ಹಿಡಿದು, ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ಎಣಿಕೆಯ ಮೇಲೆ ಕೆಳಮುಖವಾಗಿಯೂ ಎರಡು ಎಣಿಕೆಗಳ ನಡುವೆ ಮೇಲ್ಮುಖವಾಗಿಯೂ ಕೈ ಆಡಿಸಿ. ತಂತಿ ಮುಟ್ಟದ ಕಡೆಯಲ್ಲೂ ಕೈ ನಿಲ್ಲಬಾರದು.

ಅನಂತರ ಕಾರ್ಡ್‌ಗಳನ್ನು ಒಂದೊಂದಾಗಿ ಅಲ್ಲ, ಜೋಡಿಯಾಗಿ ಕಲಿಯಿರಿ, ಏಕೆಂದರೆ ಕಷ್ಟವಿರುವುದು ಕಾರ್ಡ್ ಹಿಡಿಯುವುದರಲ್ಲಿ ಅಲ್ಲ, ಬದಲಿಸುವುದರಲ್ಲಿ. ಇ ಮೇಜರ್‌ನ ಬೆರಳುಗಳನ್ನು ಹಾಗೆಯೇ ಒಂದು ತಂತಿ ಕೆಳಕ್ಕೆ ಸರಿಸಿದರೆ ಎ ಮೈನರ್ ಆಗುತ್ತದೆ. ಎ ಮೈನರ್‌ನಿಂದ ಸಿ ಮೇಜರ್‌ಗೆ ಹೋಗಲು ಉಂಗುರ ಬೆರಳೊಂದನ್ನು ಕದಲಿಸಿದರೆ ಸಾಕು. ಇಂತಹ ಜೋಡಿಗಳು ಕೈಗೆ ಬಂದ ಮೇಲೆ ಜಿ ಮತ್ತು ಡಿ ಸೇರಿಸಿಕೊಳ್ಳಿ. ನಿಮ್ಮ ಶ್ರುತಿ ಡಿ ಆಗಿದ್ದರೆ ಎರಡನೆಯ ಫ್ರೆಟ್‌ಗೆ (ಗಿಟಾರ್ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಿಂದಾದ ಮನೆ) ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪಾದ ಕ್ಯಾಪೊ ಹಾಕಿ ಸಿ ಕಾರ್ಡ್‌ನ ಆಕಾರಗಳನ್ನೇ ನುಡಿಸಬಹುದು. ಥಿಯರಿ ಸದ್ಯಕ್ಕೆ ಬೇಡ.

ಉತ್ತರ 2

ಲಯದ ವಿಚಾರವನ್ನು ಒಪ್ಪುತ್ತೇನೆ, ಆದರೆ ಸ್ಕೇಲ್‌ಗಳನ್ನು ಪೂರ್ಣವಾಗಿ ಮುಂದೂಡುವುದು ಈ ಪ್ರಶ್ನೆ ಕೇಳಿದವರಿಗೆ ಸರಿಹೋಗದು. ಸ್ವರಜ್ಞಾನ ಇರುವವರು ಅದನ್ನು ಮೂಲೆಗಿಟ್ಟು ಬರಿಯ ಆಕಾರಗಳನ್ನು ಕಂಠಪಾಠ ಮಾಡುವುದು ನಷ್ಟವೇ ಸರಿ. ತೆಳು ತಂತಿಯಿಂದ ಎಣಿಸಿ ಐದನೆಯ ತಂತಿಯ ಮೂರನೆಯ ಫ್ರೆಟ್ಟನ್ನು, ಅಂದರೆ ಸಿ ಸ್ವರವನ್ನು, ಷಡ್ಜವೆಂದಿಟ್ಟುಕೊಂಡರೆ, ಮೊದಲ ಮೂರು ಫ್ರೆಟ್‌ಗಳನ್ನು ದಾಟದೆಯೇ ಎರಡನೆಯ ತಂತಿಯ ಮೊದಲ ಫ್ರೆಟ್‌ನಲ್ಲಿ ತಾರ ಷಡ್ಜ ಸಿಗುತ್ತದೆ. ಅಲ್ಲಿ ದಿನಕ್ಕೆ ಹತ್ತು ನಿಮಿಷ ಸರಳೆ ವರಸೆ ನುಡಿಸಿದರೆ ಎರಡೂ ಕೈಗಳಿಗೆ ಹೊಂದಾಣಿಕೆ ಬರುತ್ತದೆ.

ಒಂದು ಎಚ್ಚರಿಕೆ: ಅದನ್ನು ರೂಢಿಯ ಮಾಯಾಮಾಳವಗೌಳದಲ್ಲಿ ಬೇಡ, ಶಂಕರಾಭರಣದಲ್ಲಿ ನುಡಿಸಿ. ಎರಡಕ್ಕೂ ಇರುವ ವ್ಯತ್ಯಾಸ ರಿಷಭ ಮತ್ತು ಧೈವತಗಳಲ್ಲಿ ಮಾತ್ರ. ಆದರೆ ಸಿ, ಎಫ್, ಜಿ, ಎ ಮೈನರ್ ಎಂಬ ನೀವು ನಿತ್ಯ ಹಿಡಿಯುವ ಕಾರ್ಡ್‌ಗಳು ಹುಟ್ಟುವುದು ಶಂಕರಾಭರಣದ ಸ್ವರಗಳಿಂದ. ಸ, ಗ, ಪ ಸೇರಿದರೆ ಸಿ ಮೇಜರ್ ಎಂಬುದನ್ನು ನೀವೇ ಕಿವಿಯಿಂದ ಕಂಡುಕೊಂಡರೆ, ಮೇಲಿನವರು ಬೇಡವೆಂದ ಥಿಯರಿಯ ಅರ್ಧ ಭಾಗ ಆಗಲೇ ಮುಗಿದಿರುತ್ತದೆ!

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಲಗೈಯ ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸುತ್ತೇನೆ. ಎಫ್ ಮೇಜರ್ ಮಾತ್ರ ಎಷ್ಟು ಒತ್ತಿದರೂ ನುಡಿಯುತ್ತಿಲ್ಲ. ಅದು ಈ ಕ್ರಮದಲ್ಲಿ ಎಲ್ಲಿ ಬರುತ್ತದೆ?

ಉತ್ತರ 1

ತಡವಾಗಿ ಬರಲಿ. ಅಲ್ಲಿಯವರೆಗೆ ಎಫ್ ಬರುವ ಕಡೆಯಲ್ಲೆಲ್ಲ ಎಫ್ ಮೇಜರ್ ಸೆವೆನ್ ನುಡಿಸಿ. ತೆಳು ತಂತಿಯನ್ನು ತೆರೆದೇ ಬಿಡುವುದರಿಂದ ತೋರುಬೆರಳನ್ನು ಅಡ್ಡಲಾಗಿ ಮಲಗಿಸಬೇಕಾಗಿಲ್ಲ. ಹಾಗೆ ಬೆರಳು ಮಲಗಿಸಿ ಹಿಡಿಯುವ ಬಾರ್ ಕಾರ್ಡ್‌ನ ಅಭ್ಯಾಸವನ್ನು ಮೊದಲ ಫ್ರೆಟ್‌ನಲ್ಲಿ ಆರಂಭಿಸುವುದೇ ತಪ್ಪು ಕ್ರಮ, ಏಕೆಂದರೆ ನಟ್‌ಗೆ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಅಂಟಿಕೊಂಡ ಆ ಜಾಗದಲ್ಲಿ ತಂತಿ ಅತ್ಯಂತ ಬಿಗಿಯಾಗಿ ಎದುರೊಡ್ಡುತ್ತದೆ. ಎಫ್ ಮೇಜರ್‌ನ ಬಾರ್ ಆಕಾರವನ್ನೇ ಐದನೆಯ ಫ್ರೆಟ್‌ನಲ್ಲಿ ಹಿಡಿದರೆ ಎ ಮೇಜರ್ ಬರುತ್ತದೆ, ಅದನ್ನು ನಿಮಗೆ ಗೊತ್ತಿರುವ ತೆರೆದ ಎ ಜೊತೆ ಹೋಲಿಸಿ ಕೇಳಬಹುದು. ಅಲ್ಲಿ ಸ್ಪಷ್ಟವಾದ ಮೇಲೆ ಒಂದೊಂದೇ ಫ್ರೆಟ್ ಹಿಂದಕ್ಕೆ ಬನ್ನಿ.

ಉತ್ತರ 2

ಒಮ್ಮೆ ವಾದ್ಯವನ್ನೂ ಪರೀಕ್ಷಿಸಿ. ಹನ್ನೆರಡನೆಯ ಫ್ರೆಟ್ ಬಳಿ ದಪ್ಪ ತಂತಿ ಮೂರು ಮಿಲಿಮೀಟರ್‌ಗಿಂತ ಮೇಲೆ ನಿಂತಿದ್ದರೆ, ಗಿಟಾರ್ ರಿಪೇರಿ ಮಾಡುವವರಲ್ಲಿ ಎತ್ತರ ತಗ್ಗಿಸಿಕೊಂಡು ಬನ್ನಿ. ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳ ಆಳ ಸಾಲದಿದ್ದರೂ ಎಫ್ ಕಾಡುತ್ತದೆ, ಅದನ್ನೂ ಅವರಿಗೇ ತೋರಿಸಿ.