ಹಳೆಯ ರಿವರ್ಬ್ ಜಿ2 ವಿಆರ್ ಹೆಡ್‌ಸೆಟ್ ತೆಗೆದುಕೊಳ್ಳಬಹುದಾ? ಕಾಕ್‌ಪಿಟ್‌ನ ಅಂಕಿ ಓದಲು ಆಗುತ್ತದಾ?

ಕುಂಜಿಬೆಟ್ಟು_ಪೈಲಟ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ಮೂರು ವರ್ಷದಿಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾರಿಸುತ್ತಿದ್ದೇನೆ. ಚಿಕ್ಕವನಿದ್ದಾಗ ಅಪ್ಪ ಬಜಪೆಗೆ ಕರೆದುಕೊಂಡು ಹೋಗಿ ವಿಮಾನ ಇಳಿಯುವುದನ್ನು ತೋರಿಸಿದ್ದರು, ಆಗ ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಲ್ಯಾಪ್‌ಟಾಪ್ ಪರದೆಯಲ್ಲಿ ನೋಡಿ ಸಾಕಾಗಿದೆ. ಒಳಗೇ ಕೂರಬೇಕು.

ಮಂಗಳೂರಿನಲ್ಲಿ ಒಬ್ಬರು ಎಚ್‌ಪಿ ರಿವರ್ಬ್ ಜಿ2 ಎಂಬ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ನೋಡುವ ಪರದೆ) ಮಾರುತ್ತಿದ್ದಾರೆ. 20,000 ಹೇಳಿದ್ದಾರೆ, ಸ್ವಲ್ಪ ಕಡಿಮೆ ಮಾಡುತ್ತಾರಂತೆ. ಒಂದೊಂದು ಕಣ್ಣಿಗೆ 2160 × 2160 ಪಿಕ್ಸೆಲ್ ಉಂಟು. ಹಿಂದೊಮ್ಮೆ ಗೆಳೆಯನ ಹಳೆಯ ಹೆಡ್‌ಸೆಟ್ ಹಾಕಿ ನೋಡಿದ್ದೆ. ವಿಮಾನದ ಒಳಗೆ ಕೂತ ಹಾಗೆ ಆಯಿತು, ಅದು ನಿಜ, ಆದರೆ ಎಲ್ಲವೂ ಸೊಳ್ಳೆ ಜಾಲರಿಯ ಹಿಂದಿನಿಂದ ಕಂಡಂತೆ ಇತ್ತು, ಮೀಟರಿನ ಒಂದು ಅಂಕಿಯೂ ಓದಲು ಆಗಲಿಲ್ಲ. ಜಿ2ನಲ್ಲಿ ಆಗುತ್ತದಾ?

ನನ್ನ ಲ್ಯಾಪ್‌ಟಾಪ್‌ನಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಅದರ ಮೆಮೊರಿ 6 ಜಿಬಿ. ವಿಂಡೋಸ್ 11. ಕನ್ನಡಕ ಹಾಕುತ್ತೇನೆ. ದುಡ್ಡು ಸುಲಭದಲ್ಲಿ ಕೂಡಿಟ್ಟದ್ದಲ್ಲ, ಹಾಗಾಗಿ ಕೇಳಿ ಮುಂದುವರಿಯೋಣ ಅಂತ.

ಮಣ್ಣಗುಡ್ಡ_ರಿಪೇರಿ

ದುಡ್ಡು ಕೊಡುವ ಮೊದಲು ಎರಡು ವಿಷಯ ನೋಡಿ ಮಾರಾಯ್ರೆ.

ಒಂದು, ವಿಂಡೋಸ್ ಬಟನ್ ಮತ್ತು ಆರ್ ಒತ್ತಿ ವಿನ್‌ವರ್ (winver) ಅಂತ ಟೈಪ್ ಮಾಡಿ, ವಿಂಡೋಸ್‌ನ ಆವೃತ್ತಿ ಗೊತ್ತಾಗುತ್ತದೆ. 24ಎಚ್2 ಅಥವಾ ಅದಕ್ಕಿಂತ ಹೊಸದು ಅಂತ ತೋರಿಸಿದರೆ ಜಿ2 ನೇರವಾಗಿ ನಡೆಯುವುದಿಲ್ಲ. ಅದು ನಿಂತಿರುವುದೇ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿಯ ಮೇಲೆ, ಅಂದರೆ ಇಂಥ ಹೆಡ್‌ಸೆಟ್ ನಡೆಸಲು ವಿಂಡೋಸ್‌ನಲ್ಲೇ ಇದ್ದ ಸಾಫ್ಟ್‌ವೇರ್. ಅದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಡಿಸೆಂಬರಿನಲ್ಲಿ ಹೇಳಿತು, 24ಎಚ್2ನಲ್ಲಿ ತೆಗೆದೇಬಿಟ್ಟಿತು. ಈಗ ಇಷ್ಟೊಂದು ಜಿ2 ಅಗ್ಗಕ್ಕೆ ಸಿಗುವುದಕ್ಕೆ ಇದೂ ಕಾರಣ. 2025ರಲ್ಲಿ ಓಯಸಿಸ್ ಎಂಬ ಉಚಿತ ಡ್ರೈವರ್ ಸ್ಟೀಮ್‌ನಲ್ಲಿ ಬಂದಿದೆ, ಎನ್ವಿಡಿಯಾ ಕಾರ್ಡ್ ಇದ್ದವರು ಅದರಿಂದ ಮತ್ತೆ ನಡೆಸಬಹುದು. ನಿಮ್ಮದು ಎನ್ವಿಡಿಯಾ, ಹಾಗಾಗಿ ದಾರಿ ಪೂರ್ತಿ ಮುಚ್ಚಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಜಿ2ಗೆ ಡಿಸ್‌ಪ್ಲೇಪೋರ್ಟ್ ಬೇಕು, ಕಂಪ್ಯೂಟರಿನಿಂದ ಪರದೆಗೆ ಚಿತ್ರ ಕಳಿಸುವ ಒಂದು ಬಗೆಯ ಕಿಂಡಿ. ಎಚ್‌ಡಿಎಂಐಗೆ ಸಾಮಾನ್ಯ ಅಡಾಪ್ಟರ್ ಹಾಕಿದರೆ ಆಗುವುದಿಲ್ಲ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಕಿಂಡಿಯಲ್ಲಿ ಡಿಸ್‌ಪ್ಲೇಪೋರ್ಟ್ ಬರುತ್ತದೆ, ಆದರೆ ಅದು ಎನ್ವಿಡಿಯಾ ಕಾರ್ಡಿಗೆ ಸೇರಿರುವುದಿಲ್ಲ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿಗೆ ಸೇರಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ ಪುಟ ತೆರೆಯಿರಿ, ಯಾವ ಕಿಂಡಿ ಯಾವ ಚಿಪ್ಪಿಗೆ ಸೇರಿದೆ ಎಂದು ಅಲ್ಲಿ ಚಿತ್ರ ಬರುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಹೆಡ್‌ಸೆಟ್ ಕೊಂಡ ಮೇಲೆ ನನ್ನ ಹತ್ತಿರ ಬಂದ. ನಾಲ್ಕು ಬೇರೆ ಬೇರೆ ಕೇಬಲ್ ತಂದಿದ್ದ ಪಾಪ. ಕೇಬಲಿನಲ್ಲಿ ತೊಂದರೆಯೇ ಇರಲಿಲ್ಲ.

ಕಾವೂರು_ಸೆಸ್ನಾ

ನಾನು ಜಿ2 ಹಾಕಿ ಹಾರಿಸುವವನು, ಡೆಸ್ಕ್‌ಟಾಪ್‌ನಲ್ಲಿ. ಓದಲು ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ನೋಡಿದ ಹಳೆಯದು ಬಹುಶಃ 2016ರ ಕಾಲದ್ದು. ಅವು ಕಣ್ಣಿಗೆ 1080 × 1200. ಜಿ2ನಲ್ಲಿ ಅದರ ಮೂರೂವರೆ ಪಟ್ಟಿಗಿಂತ ಜಾಸ್ತಿ ಪಿಕ್ಸೆಲ್ ಉಂಟು. ಜಾಲರಿ ಹೆಚ್ಚುಕಡಿಮೆ ಮಾಯ. ಸೆಸ್ನಾ 172ರಲ್ಲಿ ವೇಗದ ಮೀಟರ್, ಎತ್ತರ ತೋರಿಸುವ ಆಲ್ಟಿಮೀಟರಿನ ಮುಳ್ಳು, ಎಲ್ಲ ಕೂತಲ್ಲಿಂದಲೇ ಸ್ಪಷ್ಟ. ಆಲ್ಟಿಮೀಟರಿನ ಬದಿಯಲ್ಲಿ ಗಾಳಿಯ ಒತ್ತಡ ಹೊಂದಿಸುವ ಒಂದು ಪುಟ್ಟ ಕಿಟಕಿ ಇದೆಯಲ್ಲ, 29.92 ಅಂತ ಬರುವುದು, ಅದಕ್ಕೆ ಮಾತ್ರ ಸ್ವಲ್ಪ ಮುಂದೆ ಬಾಗಬೇಕು. ನಿಜವಾದ ವಿಮಾನದಲ್ಲೂ ಬಾಗುತ್ತಾರೇನೋ ಅನ್ನಿಸುವಷ್ಟು ಸಹಜವಾಗಿ ಬಾಗುತ್ತೇನೆ ಈಗ.

ಆದರೆ ಈ ಸ್ಪಷ್ಟತೆ ಇರುವುದು ನಡುವಿನಲ್ಲಿ ಮಾತ್ರ. ಜಿ2ನದ್ದು ಫ್ರೆನೆಲ್ ಲೆನ್ಸ್, ಉಂಗುರ ಉಂಗುರದ ಗೆರೆ ಇರುವುದು. ಕಣ್ಣು ಹೊರಳಿಸಿ ಬದಿಯ ಮೀಟರ್ ನೋಡಿದರೆ ಮಸುಕು. ಕುತ್ತಿಗೆ ತಿರುಗಿಸಿಯೇ ನೋಡಬೇಕು. ಮೊದಲ ವಾರ ಕಿರಿಕಿರಿ ಆಗುತ್ತದೆ, ಆಮೇಲೆ ಅಭ್ಯಾಸ. ಮೆಟಾ ಕ್ವೆಸ್ಟ್ 3 ಎಂಬ ಇನ್ನೊಂದು ಹೆಡ್‌ಸೆಟ್‌ನಲ್ಲಿ ಪ್ಯಾನ್‌ಕೇಕ್ ಎಂಬ ಬೇರೆ ಬಗೆಯ ಲೆನ್ಸ್, ಅಂಚಿನವರೆಗೂ ಚೆನ್ನಾಗಿ ಕಾಣುತ್ತದೆ, ಪಿಕ್ಸೆಲ್ ಕೂಡ ಸುಮಾರು ಅಷ್ಟೇ, 2064 × 2208. ಆದರೆ ಅದಕ್ಕೆ ಕಂಪ್ಯೂಟರಿನಿಂದ ಚಿತ್ರ ಹೋಗುವುದು ವೀಡಿಯೊ ಮಾಡಿ ಕುಗ್ಗಿಸಿ. ದೂರದ ತೆಂಗಿನ ತೋಟಗಳ ಮೇಲೆ ಹಾರುವಾಗ ಆ ಕುಗ್ಗಿಸಿದ್ದು ನನ್ನ ಕಣ್ಣಿಗೆ ಕಾಣುತ್ತದೆ. ಜಿ2ಗೆ ನೇರ ಡಿಸ್‌ಪ್ಲೇಪೋರ್ಟ್, ಅದರ ಚಿತ್ರ ಶುದ್ಧ.

ಇನ್ನು ಪೆಟ್ಟಿಗೆಯ ಮೇಲಿನ ಪಿಕ್ಸೆಲ್ ಅಂಕಿಗೆ ಮರುಳಾಗಬೇಡಿ. ಮನುಷ್ಯನ ಒಳ್ಳೆಯ ಕಣ್ಣಿಗೆ ಒಂದು ಡಿಗ್ರಿಯಲ್ಲಿ ಸುಮಾರು 60 ಪಿಕ್ಸೆಲ್ ಬೇಕು ಅಂತ ಲೆಕ್ಕ. ಕ್ವೆಸ್ಟ್ 3ರಲ್ಲಿ 25, ಪಿಮ್ಯಾಕ್ಸ್ ಕ್ರಿಸ್ಟಲ್ ಎಂಬ ಮತ್ತೊಂದು ಹೆಡ್‌ಸೆಟ್‌ನಲ್ಲಿ 35. ಕ್ರಿಸ್ಟಲ್‌ನದ್ದು ಕಣ್ಣಿಗೆ 2880 × 2880, ಗುಣಿಸಿ ನೋಡಿ, ಒಂದು ಪೂರ್ತಿ 4ಕೆ ಟಿವಿಯಷ್ಟು ಪಿಕ್ಸೆಲ್, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆ ಇಲ್ಲ. ಅಂದರೆ ಎರಡು 4ಕೆ ಟಿವಿಯನ್ನು ಒಟ್ಟಿಗೆ ನಡೆಸಿದ ಹಾಗೆ. ಅದನ್ನು ಎಳೆಯುವ ಕಾರ್ಡ್ ಬೇಕಲ್ಲ?

ಇಷ್ಟೆಲ್ಲ ಹೇಳಿದರೂ ಒಂದು ಸಲ ಹೆಡ್‌ಸೆಟ್ ಹಾಕಿ ಬಜಪೆಗೆ ಇಳಿಯಬೇಕು ನೀವು. ಪರದೆಯಲ್ಲಿ ಅದು ಬರೀ ಒಂದು ಬೂದು ಪಟ್ಟಿ. ವಿಆರ್‌ನಲ್ಲಿ ಗುಡ್ಡೆಯನ್ನು ಕಡಿದು ಮಾಡಿದ 2450 ಮೀಟರಿನ ರನ್‌ವೇ, ಅದರ ಎರಡೂ ತುದಿಯಲ್ಲಿ ನೆಲ ಕೆಳಗೆ ಬೀಳುವುದು, ಆ ಆಳ, ಹೊಟ್ಟೆಗೇ ಗೊತ್ತಾಗುತ್ತದೆ. ನಾನು ಮೊದಲ ಸಲ ಇಳಿದಾಗ ಕಾಲು ನಡುಗಿತ್ತು.

ಮಣ್ಣಗುಡ್ಡ_ರಿಪೇರಿ

ಕಾವೂರಿನವರು ಕಾರ್ಡಿನ ಮಾತು ತೆಗೆದರು, ಹಾಗಾಗಿ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಫುಲ್ ಎಚ್‌ಡಿ ಪರದೆ ಸೆಕೆಂಡಿಗೆ 60 ಸಲ ಅಂದರೆ 12 ಕೋಟಿ ಚಿಲ್ಲರೆ ಪಿಕ್ಸೆಲ್. ಜಿ2, ಎರಡು ಕಣ್ಣು, 90 ಸಲ, ಸುಮಾರು 84 ಕೋಟಿ. ಅಲ್ಲಿಗೂ ಮುಗಿಯುವುದಿಲ್ಲ, ಲೆನ್ಸ್ ಚಿತ್ರವನ್ನು ಬಗ್ಗಿಸುವುದಕ್ಕೆ ಮೊದಲೇ ಉಲ್ಟಾ ಬಗ್ಗಿಸಿ ಕೊಡಬೇಕು, ಹಾಗಾಗಿ ಪರದೆಗಿಂತ ದೊಡ್ಡ ಚಿತ್ರ ಬಿಡಿಸಬೇಕು. ಒಂದೊಂದು ಚಿತ್ರಕ್ಕೂ ಸಿಗುವ ಸಮಯ 11 ಮಿಲಿಸೆಕೆಂಡ್. 6 ಜಿಬಿಯಲ್ಲಿ ಈ ಸಿಮ್ಯುಲೇಟರ್ ಕಷ್ಟ. ರೆಸಲ್ಯೂಷನ್ ಇಳಿಸಿ ನಡೆಸಬಹುದು, ಆದರೆ ಹಾಗೆ ಇಳಿಸಿದರೆ ಮತ್ತೆ ಅಂಕಿ ಮಸುಕು. ಅದಕ್ಕೇ ಅಲ್ವಾ ನೀವು ಇದನ್ನು ಕೊಳ್ಳಲು ಹೊರಟದ್ದು?

ಡೆಸ್ಕ್‌ಟಾಪ್ 3060ಯಲ್ಲಿ ಸಾಮಾನ್ಯವಾಗಿ 12 ಜಿಬಿ ಬರುತ್ತದೆ. ಹೆಸರು ಒಂದೇ, ಕಾರ್ಡ್ ಬೇರೆ.

ಮಲ್ಪೆ_ನಕ್ಷೆ

ನಾನು ಆರ್ಕಿಟೆಕ್ಟ್, ಉಡುಪಿಯಲ್ಲೇ. ಮನೆ ಕಟ್ಟಿಸುವವರಿಗೆ ಕಟ್ಟುವ ಮೊದಲೇ ಒಳಗೆ ನಡೆದಾಡಿಸಲು ಹೆಡ್‌ಸೆಟ್ ಬಳಸುತ್ತೇನೆ. ವಿಮಾನ ನನಗೆ ಗೊತ್ತಿಲ್ಲ, ಆದರೆ ಕಣ್ಣು ಮತ್ತು ಮಳೆಯ ಬಗ್ಗೆ ಗೊತ್ತು.

ಕನ್ನಡಕದ ಅಂಗಡಿಗೆ ಹೋಗಿ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಸಿ. ಎರಡು ನಿಮಿಷದ ಕೆಲಸ. ಜಿ2ನ ಲೆನ್ಸ್ ಸರಿಸಬಹುದಾದದ್ದು 60ರಿಂದ 68 ಮಿಲಿಮೀಟರ್. ನನ್ನದು 58. ನಾನು ಒಬ್ಬರ ಜಿ2 ಹಾಕಿ ಅರ್ಧ ಗಂಟೆ ಇದ್ದೆ, ಹಣೆ ಸಿಡಿಯಿತು. ಅದು ಹೆಡ್‌ಸೆಟ್‌ನ ತಪ್ಪಲ್ಲ, ನನ್ನ ಮುಖಕ್ಕೆ ಆದದ್ದಲ್ಲ ಅಷ್ಟೇ. ಕನ್ನಡಕ ಒಳಗೆ ಹಾಕುವುದಾದರೆ ಜಾಗ್ರತೆ, ಗಾಜು ಲೆನ್ಸಿಗೆ ಉಜ್ಜಿ ಗೀರು ಬೀಳುತ್ತದೆ. ನಿಮ್ಮ ಪವರಿನ ಲೆನ್ಸ್ ಮಾಡಿಸಿ ಒಳಗೆ ಕೂರಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಊರಿನ ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುವುದು ಎಲ್ಲರೂ ನೋಡಿದ್ದೇವೆ. ಇದಕ್ಕೂ ಹಿಡಿಯುತ್ತದೆ, ಮುಖದ ಸ್ಪಂಜಿಗೆ ಇನ್ನೂ ಬೇಗ, ಬೆವರು ಕುಡಿದಿರುತ್ತದಲ್ಲ. ನಾನು ಗಾಳಿ ಹೋಗದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಆಟಿ ತಿಂಗಳಲ್ಲಿ ನೀಲಿ ಹರಳು ಬೇಗ ಗುಲಾಬಿ ಆಗಿಬಿಡುತ್ತದೆ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಹಳೆಯದು ಕೊಳ್ಳುವಾಗ ಮೊಬೈಲ್ ಟಾರ್ಚ್ ಅನ್ನು ಓರೆಯಾಗಿ ಹಿಡಿದು ಲೆನ್ಸ್ ನೋಡಿ. ಜೇಡರ ಬಲೆಯ ಎಳೆಯಂತೆ ಕಂಡರೆ ಬಿಟ್ಟುಬಿಡಿ.

ಮತ್ತೆ ಬಿಸಿಲು. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತದ್ದು. ಒಂದು ಸಂಜೆ ಹೆಡ್‌ಸೆಟ್ ಅನ್ನು ಚಾವಡಿಯ ಕಿಟಕಿ ಹತ್ತಿರ, ಲೆನ್ಸ್ ಮೇಲೆ ಮಾಡಿ ಇಟ್ಟು ಚಾ ಮಾಡಲು ಹೋದೆ. ಪಡುವಣ ಬಿಸಿಲು ಓರೆಯಾಗಿ ಬಿತ್ತು. ಲೆನ್ಸ್ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಟ್ಟು ಮಾಡಿ ಪರದೆಯನ್ನು ಸುಟ್ಟಿತು. ಎಡಗಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಳದಿ ಕಲೆ, ಇವತ್ತಿಗೂ ಉಂಟು. ಬಿಳಿ ಗೋಡೆ ತೋರಿಸುವಾಗೆಲ್ಲ ಅದು ಕಾಣುತ್ತದೆ. ಮಾರುವವರ ಮನೆಯಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ನಿಮಗೆ ವಾಂತಿ ಬರುತ್ತದಾ? ಬರುವುದಾದರೆ ಮೊದಲು ಹತ್ತೇ ನಿಮಿಷ. ತಲೆ ತಿರುಗಿದ ಕೂಡಲೇ ತೆಗೆಯಿರಿ, ತಡೆದುಕೊಂಡು ಕೂರಬೇಡಿ.

ಕುಂಜಿಬೆಟ್ಟು_ಪೈಲಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಎಲ್ಲ ನೋಡಿದೆ. ವಿಂಡೋಸ್ 24ಎಚ್2. ಕಣ್ಣಿನ ಅಂತರ 63, ಅದು ಸರಿ ಇದೆ. ಆದರೆ ಟೈಪ್-ಸಿ ಕಿಂಡಿ ಇಂಟೆಲ್‌ಗೇ ಸೇರಿದೆ, ಬೇರೆ ಡಿಸ್‌ಪ್ಲೇಪೋರ್ಟ್ ಇಲ್ಲ. ಅಂದರೆ ಈ ಲ್ಯಾಪ್‌ಟಾಪ್‌ನಲ್ಲಿ ಜಿ2 ನಡೆಯುವುದೇ ಇಲ್ಲ. ಮಾರುವವರಿಗೆ ಫೋನ್ ಮಾಡಿ ಬೇಡ ಅಂದೆ, ಅವರೂ ಬೇಸರ ಮಾಡಲಿಲ್ಲ.

ಮಲ್ಪೆ ಅಕ್ಕ, ಚಾರ್ಮಾಡಿಯಲ್ಲಿ ನನಗೆ ಬರುವುದಿಲ್ಲ, ತಂಗಿಗೆ ಬರುತ್ತದೆ. 20,000 ಹಾಗೇ ಇಟ್ಟು ಮೊದಲು ಡೆಸ್ಕ್‌ಟಾಪ್ ಕಟ್ಟುತ್ತೇನೆ, ದೀಪಾವಳಿ ಹೊತ್ತಿಗೆ ಆಗಬಹುದು. ಹೆಡ್‌ಸೆಟ್ ಆಮೇಲೆ.

ಕಾವೂರಿನವರೇ, ಒಂದು ಕೇಳಲಾ? ಒಮ್ಮೆ ನಿಮ್ಮಲ್ಲಿಗೆ ಬಂದು ನೋಡಬಹುದಾ?

ಕಾವೂರು_ಸೆಸ್ನಾ

ಖಂಡಿತ ಬನ್ನಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನನ್ನ ಭಾವನ ಹತ್ತಿರ ಕ್ವೆಸ್ಟ್ 3 ಉಂಟು, ಅದನ್ನೂ ತರಿಸಿಡುತ್ತೇನೆ, ಎರಡನ್ನೂ ಒಂದೇ ಕಾಕ್‌ಪಿಟ್‌ನಲ್ಲಿ ಹಾಕಿ ನೋಡಿ. ಅಪ್ಪನನ್ನೂ ಕರೆದುಕೊಂಡು ಬನ್ನಿ, ಬಲಬದಿಯ ಸೀಟಿನಲ್ಲಿ ಕೂರಿಸಿ ನಾನೇ ಬಜಪೆಗೆ ಇಳಿಸುತ್ತೇನೆ.