ಜೆಲ್ ಎಲೆಕ್ಟ್ರೋಫೊರೆಸಿಸ್: ಗುಳ್ಳೆ ಬರುತ್ತಿದೆ, ಬಣ್ಣ ಮಾತ್ರ ಕದಲುತ್ತಿಲ್ಲ

ಪಿಯು_ಬಯಾಲಜಿ:
ನಮಸ್ಕಾರ. ದ್ವಿತೀಯ ಪಿಯು ಪಾಠದಲ್ಲಿ ಜೆಲ್ ಎಲೆಕ್ಟ್ರೋಫೊರೆಸಿಸ್ (ಜೆಲ್‌ನಲ್ಲಿ ಕರೆಂಟ್ ಹರಿಸಿ ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸುವುದು) ಬರುತ್ತದೆ. ಎಥಿಡಿಯಂ ಬ್ರೋಮೈಡ್ (ಡಿಎನ್‌ಎಗೆ ಕಟ್ಟುವ ಬಣ್ಣ), ಯುವಿ ಬೆಳಕು, ಕಿತ್ತಳೆ ಪಟ್ಟಿ ಅಂತ ಸುಮ್ನೆ ಓದಿಸಿ ಮುಂದೆ ಹೋಗಲು ಮನಸ್ಸಿಲ್ಲ. ಅಡುಗೆ ಬಣ್ಣಗಳಲ್ಲಾದರೂ ಮಕ್ಕಳಿಗೆ ತೋರಿಸೋಣ ಅಂತ ಹೊರಟೆ. ಪ್ಲಾಸ್ಟಿಕ್ ಡಬ್ಬಿ, 100 ಮಿ.ಲೀ. ನೀರಿಗೆ 1 ಗ್ರಾಂ ಚೈನಾ ಗ್ರಾಸ್ (ಅಗರ್) ಹಾಕಿದ ಜೆಲ್, 9 ವೋಲ್ಟಿನ 5 ಬ್ಯಾಟರಿ ಸಾಲಾಗಿ, 10 ಸೆಂ.ಮೀ. ಅಂತರದಲ್ಲಿ ಎರಡು ಸ್ಟೀಲ್ ಚಮಚ. ಕರೆಂಟ್ ಚೆನ್ನಾಗಿ ಹರಿಯಲಿ ಅಂತ ನೀರಿಗೆ ಉಪ್ಪು ಹಾಕಿದ್ದೇನೆ.

ಗುಳ್ಳೆ ಜೋರಾಗಿ ಬರುತ್ತಿದೆ. ಬಣ್ಣ ಮಾತ್ರ ವೆಲ್‌ನಲ್ಲೇ (ಬಣ್ಣ ಹಾಕಲು ಜೆಲ್‌ನಲ್ಲಿ ಮಾಡಿದ ಗುಳಿ) ಕೂತು ಸುತ್ತ ಹರಡುತ್ತಿದೆ. ಬ್ಯಾಟರಿ ಬಿಸಿ, ಒಂದು ಚಮಚದ ಹತ್ತಿರ ನೀರು ಕಂದು, ಬ್ಲೀಚಿಂಗ್ ಪೌಡರ್ ತರಹ ವಾಸನೆ ಬೇರೆ. ಬಣ್ಣದ್ದೇ ತೊಂದರೆಯಾ?

ತಂತಿಗಾರ:
ಇನ್ನೂ ನಾಲ್ಕು ಬ್ಯಾಟರಿ ಸೇರಿಸಿ ನೋಡಿ ಮೇಡಂ.

ಹಳೇಮೇಷ್ಟ್ರು:
ಬೇಡ ಮೇಡಂ, ಮೊದಲು ಬ್ಯಾಟರಿ ಕಳಚಿ, ಕಿಟಕಿ ತೆಗೆಯಿರಿ. ಆ ವಾಸನೆ ಕ್ಲೋರಿನ್‌ದು, ಉಪ್ಪಿನಿಂದ ಬರುತ್ತಿದೆ. ಕಂದು ಬಣ್ಣ ಅಂದರೆ ಚಮಚ ಕರಗುತ್ತಿದೆ. ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ. ಆ ನೀರನ್ನು ಕೈಯಲ್ಲಿ ಮುಟ್ಟಬೇಡಿ, ಗಿಡಕ್ಕೂ ಸುರಿಯಬೇಡಿ.

ಗುಳ್ಳೆ ಬಂದರೆ ಕರೆಂಟ್ ಹರಿಯುತ್ತಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಉಪ್ಪು ಜಾಸ್ತಿಯಾದಾಗ ಆ ಕರೆಂಟನ್ನೆಲ್ಲ ಹೊರುವುದು ಉಪ್ಪಿನ ಅಯಾನುಗಳೇ. ಇಷ್ಟು ಕರೆಂಟ್ ಕೊಡುವ ತಾಕತ್ತು 9 ವೋಲ್ಟಿನ ಪುಟ್ಟ ಬ್ಯಾಟರಿಗಿಲ್ಲ, ವೋಲ್ಟೇಜ್ ಕುಸಿಯುತ್ತದೆ. ಬಣ್ಣವನ್ನು ಎಳೆಯಬೇಕಾದ್ದು ಆ ವೋಲ್ಟೇಜೇ ಅಲ್ವಾ?

ಉಪ್ಪು ಬಿಡಿ. ಲೀಟರ್ ನೀರಿಗೆ 2 ಗ್ರಾಂ ಅಡುಗೆ ಸೋಡಾ ಸಾಕು (ಬೇಕಿಂಗ್ ಪೌಡರ್ ಅಲ್ಲ). ಚೈನಾ ಗ್ರಾಸನ್ನೂ ಇದೇ ನೀರಿನಲ್ಲಿ ಎಳೆ ಪೂರ್ತಿ ಕರಗುವವರೆಗೆ ಕುದಿಸಿ. ಚಮಚದ ಬದಲು ಪೆನ್ಸಿಲ್ ಸೀಸದ ಕಡ್ಡಿ ಇಡಿ. ಬಣ್ಣಕ್ಕೆ ಸ್ವಲ್ಪ ಗ್ಲಿಸರಿನ್ ಬೆರೆಸಿದರೆ ವೆಲ್ ತಳಕ್ಕೆ ಇಳಿದು ಕೂರುತ್ತದೆ. ವೆಲ್‌ಗಳು ಮೈನಸ್ ಕಡೆ ಇರಲಿ. ಮಲ್ಟಿಮೀಟರ್ ಇದ್ದರೆ ಓಡುವಾಗಲೇ ಅಳೆಯಿರಿ.

ಕ್ಲಾಸಿನಲ್ಲಿ 45 ವೋಲ್ಟ್ ದಾಟಬೇಡಿ. ಗೋಡೆಯ ಪ್ಲಗ್ಗಿನ ಯೋಚನೆಯಂತೂ ಬೇಡವೇ ಬೇಡ.

ಪಿಯು_ಬಯಾಲಜಿ:
ಸರ್, ಓಡಿತು! ಉಪ್ಪುನೀರಿನಲ್ಲಿ ಅಳೆದಾಗ ವೋಲ್ಟೇಜ್ ಅರ್ಧಕ್ಕಿಂತ ಕೆಳಗಿತ್ತು, ಈಗ 40ರ ಮೇಲೆಯೇ ನಿಂತಿದೆ. ಹಸಿರು ಬಣ್ಣ ಹಳದಿ, ನೀಲಿ ಅಂತ ಎರಡಾಗಿ ಒಡೆದಾಗ ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಕೆಂಪು ಮಾತ್ರ ಪಟ್ಟಿಯಾಗದೆ ಅಡ್ಡಾದಿಡ್ಡಿ ಬಳಿದ ಹಾಗಿದೆ. ಅದೊಂದು ಪುಡಿ ಬಣ್ಣ, ಉಳಿದವು ದ್ರವ.

ಹಳೇಮೇಷ್ಟ್ರು:
ಆ ಪುಡಿಯ ಲೇಬಲ್ ಓದಿ. ಹಲವು ಪುಡಿ ಬಣ್ಣಗಳಿಗೆ ಉಪ್ಪನ್ನೇ ಬೆರೆಸಿರುತ್ತಾರೆ, ಅಲ್ಲಿಂದಲೂ ಉಪ್ಪು ಬಂತು ನೋಡಿ! ಕೆಂಪನ್ನೂ ದ್ರವದಲ್ಲೇ ತನ್ನಿ.

ಹಸಿರು ಬಾಟಲಿಯ ಮೇಲೆ 102, 133 ಅಂತ ಇದೆಯಾ? 102 ಟಾರ್ಟ್ರಜಿನ್, 133 ಬ್ರಿಲಿಯಂಟ್ ಬ್ಲೂ. ಟಾರ್ಟ್ರಜಿನ್ ಅಣು ಚಿಕ್ಕದು, ಋಣ ಆವೇಶವೂ ಜಾಸ್ತಿ, ಅದಕ್ಕೇ ಹಳದಿ ಮುಂದೆ ಓಡುತ್ತದೆ. ಲೇಬಲ್ ಮುಚ್ಚಿಟ್ಟು, ಜೆಲ್ ನೋಡಿ ಹಸಿರಿನಲ್ಲಿ ಏನೇನಿದೆ ಅಂತ ಮಕ್ಕಳನ್ನೇ ಕೇಳಿ.

ಇನ್ನೊಂದು. ನಿಮ್ಮ ಲ್ಯಾಬಿನಲ್ಲಿ ಸಫ್ರಾನಿನ್ (ಧನ ಆವೇಶದ ಕೆಂಪು ಬಣ್ಣ) ಇದ್ದೇ ಇರುತ್ತದೆ. ಜೆಲ್ ನಡುವೆ ವೆಲ್ ಮಾಡಿ ಅದನ್ನೂ ಹಾಕಿ. ಅಡುಗೆ ಬಣ್ಣಗಳೆಲ್ಲ ಪ್ಲಸ್ ಕಡೆ ಹೋದರೆ ಇದು ಮೈನಸ್ ಕಡೆ ಹೊರಡುತ್ತದೆ. ನನ್ನ ಕೇಳಿದರೆ ಇಡೀ ಪಾಠದಲ್ಲಿ ಇದೇ ಮಜಾ. ಡಿಎನ್‌ಎಗೂ ಋಣ ಆವೇಶವೇ, ಅದು ಯಾವ ಕಡೆ ಹೋಗುತ್ತದೆ ಅಂತ ಆಮೇಲೆ ಉರು ಹೊಡೆಸಬೇಕಾಗಿಲ್ಲ.

ತಂತಿಗಾರ:
ಬಟಾಣಿಯಿಂದ ತೆಗೆದ ಡಿಎನ್‌ಎಯನ್ನೇ ಇದರಲ್ಲಿ ಓಡಿಸಬಹುದಲ್ಲ?

ಹಳೇಮೇಷ್ಟ್ರು:
ಹಾಕಬಹುದು, ಆದರೆ ನೋಡಲು ಏನೂ ಸಿಗುವುದಿಲ್ಲ. ಕತ್ತರಿಸದ ಡಿಎನ್‌ಎ ಎಳೆ ತೀರಾ ಉದ್ದ, ವೆಲ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಪಟ್ಟಿಗಳು ಬರಬೇಕಾದರೆ ರೆಸ್ಟ್ರಿಕ್ಷನ್ ಎಂಜೈಮಿನಿಂದ ಕತ್ತರಿಸಿದ ತುಣುಕು ಬೇಕು, ಆಮೇಲೆ ಬಣ್ಣ ಕಟ್ಟಬೇಕು. ಎಥಿಡಿಯಂ ಬ್ರೋಮೈಡನ್ನಂತೂ ಶಾಲೆಯೊಳಗೆ ತರಲೇಬೇಡಿ. ಬಟಾಣಿ ಡಿಎನ್‌ಎಯನ್ನು ತಣ್ಣನೆಯ ಆಲ್ಕೋಹಾಲಿನಲ್ಲಿ ಬಿಳಿ ಎಳೆಯಾಗಿ ತೋರಿಸಿ. ಅದನ್ನು ಬೇರೆ ದಿನ ಮಾಡಿ, ಒಂದೇ ಪೀರಿಯಡ್ಡಿಗೆ ಎರಡನ್ನೂ ತುರುಕಬೇಡಿ.

ಪಿಯು_ಬಯಾಲಜಿ:
ಪುಡಿಯ ಲೇಬಲ್ ನೋಡಿದೆ ಸರ್, ಉಪ್ಪೇ. ಗುರುವಾರ ಇನ್ನೊಂದು ಸೆಕ್ಷನ್ನಿಗೆ ದ್ರವ ಕೆಂಪು, ಸಫ್ರಾನಿನ್ ಎರಡೂ ಹಾಕುತ್ತೇನೆ.